ಎಡ ಇಂಡಿಕೇಟರ್ ಹಾಕಿದರೆ ಹಿಂದಿನ ಗಾಜಿನ ಬ್ರೇಕ್ ಲೈಟೂ ಮಿಣುಕುತ್ತೆ, ಕತ್ತರಿಸಿ ಹಾಕಲಾ?

ಹಳೇಗಾಡಿ84:
ನಮಸ್ಕಾರ ಎಲ್ಲರಿಗೂ. ಹೋದ ತಿಂಗಳು ಒಂದು ಹಳೇ ಸೆಡಾನ್ ತಗೊಂಡೆ. 1984ರದು, ಅಮೆರಿಕದ ಮಾರುಕಟ್ಟೆಗೆ ಅಂತ ಮಾಡಿದ್ದು. ಹಿಂದೆ ಎರಡೂ ಬದಿ ಕೆಂಪು ಗಾಜು, ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಬಲ್ಬು. ಕಂಪನಿಯಿಂದ ಬಂದಾಗ ಮೂರನೇ ಬ್ರೇಕ್ ಲೈಟ್ ಇರಲಿಲ್ಲ. ಮೊದಲಿನ ಮಾಲೀಕರು ಹಿಂದಿನ ಗಾಜಿನ ಕೆಳಗೆ ಒಂದು ಹೆಚ್ಚುವರಿ ಲೈಟ್ ಕೂರಿಸಿದ್ದಾರೆ.

ತೊಂದರೆ ಏನಂದ್ರೆ, ಎಡ ಇಂಡಿಕೇಟರ್ ಹಾಕಿದ ಕೂಡಲೇ ಈ ನಡುವಿನ ಲೈಟೂ ಅದರ ಜೊತೆ ಮಿಣುಕುತ್ತೆ. ಬಲಕ್ಕೆ ಹಾಕಿದರೆ ಸುಮ್ಮನಿರುತ್ತೆ. ಬ್ರೇಕ್ ಒತ್ತಿದರೆ ಸರಿಯಾಗಿ ಉರಿಯುತ್ತೆ, ಆದರೆ ಬ್ರೇಕ್ ಒತ್ತಿಕೊಂಡೇ ಎಡಕ್ಕೆ ತಿರುಗಿದರೆ ಮತ್ತೆ ಮಿಣುಕು. ಇನ್ನೊಂದು ಗಮನಿಸಿದೆ, ಎಡ ಇಂಡಿಕೇಟರ್ ಬಲದ್ದಕ್ಕಿಂತ ಬೇಗ ಬೇಗ ಹೊಡೆದುಕೊಳ್ಳುತ್ತೆ. ರಾತ್ರಿ ಒಳಕನ್ನಡಿಯಲ್ಲಿ ಕೆಂಪು ಬೆಳಕು ಕಣ್ಣಿಗೆ ಹೊಡೆಯುತ್ತೆ ಬೇರೆ. ವೈರ್ ಕತ್ತರಿಸಿ, ಟೇಪ್ ಸುತ್ತಿ ಬಿಟ್ಟುಬಿಡೋಣ ಅನ್ನಿಸಿದೆ. ಹಾಗೆ ಮಾಡಿದರೆ ಬೇರೆ ಏನಾದರೂ ಕೆಡುತ್ತಾ?

ಮೂರನೇಗೇರ್:
ಕತ್ತರಿಸಿ ಬಿಸಾಕಿ. ಇಲ್ಲದೇ ಇದ್ದ ಲೈಟು ತಾನೇ. ಏನೂ ಕೆಡಲ್ಲ.

ರಾತ್ರಿಸವಾರ:
ದಯವಿಟ್ಟು ಕತ್ತರಿಸಬೇಡಿ. ನಾನು ದಿನಾ ಬೈಕಿನಲ್ಲಿ ಓಡಾಡುವವನು. ಮುಂದಿನ ಕಾರಿನ ಕೆಳಗಿನ ಲೈಟು ನಡುವಿರುವ ಇನ್ನೊಂದು ಗಾಡಿಯ ಮರೆಗೆ ಹೋಗಿರುತ್ತೆ. ಗಾಜಿನ ಮೂಲಕ ಕಾಣೋದು ಆ ಮೇಲಿನ ಲೈಟು ಮಾತ್ರ. ಎರಡು ಗಾಡಿ ಮುಂದಿನವನು ಬ್ರೇಕ್ ಹಾಕಿದ್ದು ಅದರಿಂದಲೇ ಗೊತ್ತಾಗೋದು. ಅದು ಇಲ್ಲದಿದ್ದರೆ ನನಗೆ ಸಿಗೋ ಸಮಯ ಅರ್ಧ ಆಗುತ್ತೆ.

ತಂತಿಪೆಟ್ಟಿಗೆ:
ನಿಮ್ಮ ಗಾಡಿಯಲ್ಲಿ ಏನೂ ಕೆಟ್ಟಿಲ್ಲ ಸರ್. ಲೈಟಿಗೆ ಕರೆಂಟು ತಗೊಂಡ ಜಾಗ ತಪ್ಪು, ಅಷ್ಟೇ.

ಬ್ರೇಕು, ಇಂಡಿಕೇಟರ್ ಎರಡಕ್ಕೂ ಒಂದೇ ಬಲ್ಬು ಇರುವ ಗಾಡಿಯಲ್ಲಿ ಹಿಂದೆ ಡಿಕ್ಕಿಯ ಹತ್ತಿರ ಬರುವ ವೈರಿನಲ್ಲಿ ಶುದ್ಧ ಬ್ರೇಕ್ ಸಿಗ್ನಲ್ ಇರೋದೇ ಇಲ್ಲ. ಪೆಡಲಿನ ಸ್ವಿಚ್‌ನಿಂದ ಹೊರಟ ಕರೆಂಟು ಮೊದಲು ಸ್ಟೇರಿಂಗ್ ಕೆಳಗಿನ ಇಂಡಿಕೇಟರ್ ಸ್ವಿಚ್ಚಿಗೆ ಹೋಗುತ್ತೆ. ಅಲ್ಲಿ ಎಡ, ಬಲ ಅಂತ ಎರಡಾಗಿ ಒಡೆಯುತ್ತೆ. ನೀವು ಎಡಕ್ಕೆ ಹಾಕಿದರೆ ಆ ಸ್ವಿಚ್ಚು ಎಡಗಡೆಯ ವೈರನ್ನು ಬ್ರೇಕಿನಿಂದ ಬಿಡಿಸಿ ಫ್ಲಾಷರಿಗೆ, ಅಂದರೆ ಇಂಡಿಕೇಟರನ್ನು ಮಿಣುಕಿಸುವ ಸಣ್ಣ ಡಬ್ಬಿಗೆ, ಸೇರಿಸುತ್ತೆ. ಹಾಗಾಗಿ ಡಿಕ್ಕಿಗೆ ಬರುವ ಹೊತ್ತಿಗೆ ಅದು ಅರ್ಧ ಬ್ರೇಕು, ಅರ್ಧ ಇಂಡಿಕೇಟರ್. ಮೊದಲಿನವರು ಕೈಗೆ ಹತ್ತಿರ ಸಿಕ್ಕಿದ ಎಡಗಡೆಯ ವೈರಿಗೆ ಕಚ್ಚಿಸಿದ್ದಾರೆ. ಎಡ ಲೈಟ್ ಏನು ಮಾಡಿದರೂ ನಡುವಿನದೂ ಅದನ್ನೇ ಮಾಡುತ್ತೆ.

ಬೇಗ ಬೇಗ ಹೊಡೆದುಕೊಳ್ಳೋದಕ್ಕೂ ಇದೇ ಕಾರಣ ಇರಬೇಕು. ಆ ಕಾಲದ ಫ್ಲಾಷರ್ ಒಳಗೆ ಬಿಸಿಯಾಗಿ ಬಾಗುವ ಲೋಹದ ಪಟ್ಟಿ ಇರುತ್ತೆ. ಒಂದು ಬಲ್ಬು ಜಾಸ್ತಿ ಆದರೆ ಕರೆಂಟು ಜಾಸ್ತಿ, ಪಟ್ಟಿ ಬೇಗ ಬಿಸಿಯಾಗುತ್ತೆ, ಬೇಗ ಬಾಗುತ್ತೆ.

ಸಣ್ಣಸ್ಕ್ರೂ:
ಅಲ್ಲ ಗುರು, ಬಲ್ಬು ಹೋದಾಗ ತಾನೇ ಇಂಡಿಕೇಟರ್ ಬೇಗ ಹೊಡೆದುಕೊಳ್ಳೋದು? ನನ್ನ ಗಾಡಿಯಲ್ಲಿ ಯಾವಾಗಲೂ ಹಾಗೇ ಆಗುತ್ತೆ.

ತಂತಿಪೆಟ್ಟಿಗೆ:
ನಿಮ್ಮದು ಎಲೆಕ್ಟ್ರಾನಿಕ್ ಫ್ಲಾಷರ್ ಗುರು. ಲೋಡ್ ಕಡಿಮೆಯಾದರೆ ಬೇಗ ಹೊಡೆಯಲಿ, ಚಾಲಕನಿಗೆ ಗೊತ್ತಾಗಲಿ ಅಂತಲೇ ಹಾಗೆ ಮಾಡಿರುತ್ತಾರೆ. ಹಳೇ ಪಟ್ಟಿಯದ್ದು ಉಲ್ಟಾ. ಬಲ್ಬು ಹೋದರೆ ನಿಧಾನ ಆಗುತ್ತೆ, ಇಲ್ಲವೇ ಉರಿದುಕೊಂಡೇ ನಿಂತುಬಿಡುತ್ತೆ.

ಸಣ್ಣಸ್ಕ್ರೂ:
ಸರಿ, ಒಪ್ಪಿದೆ. ಹಾಗಾದರೆ ಸುಲಭದ ದಾರಿ ಹೇಳ್ತೀನಿ. ಎರಡು ಡಯೋಡ್ ತಗೊಳ್ಳಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡೋ ಸಣ್ಣ ಬಿಡಿಭಾಗ. ಎಡ ವೈರಿನಿಂದ ಒಂದು, ಬಲ ವೈರಿನಿಂದ ಒಂದು, ಎರಡನ್ನೂ ಸೇರಿಸಿ ನಡುವಿನ ಲೈಟಿಗೆ ಕೊಡಿ. ಹಿಂದೆಯೇ ಕೆಲಸ ಮುಗೀತು, ಮುಂದಿನವರೆಗೆ ವೈರ್ ಎಳೆಯೋದೇ ಬೇಡ.

ತಂತಿಪೆಟ್ಟಿಗೆ:
ಹಾಗೆ ಮಾಡಿದರೆ ಈಗ ಎಡಕ್ಕೆ ಮಾತ್ರ ಮಿಣುಕುವುದು ಬಲಕ್ಕೂ ಮಿಣುಕುತ್ತೆ. ಡಯೋಡ್ ಒಂದು ಕಡೆಯ ಕರೆಂಟು ಇನ್ನೊಂದು ಕಡೆಗೆ ಹೋಗದಂತೆ ತಡೆಯುತ್ತೆ, ಸರಿ. ಆದರೆ ಬಂದ ಕರೆಂಟು ಬ್ರೇಕಿನದೋ ಇಂಡಿಕೇಟರಿನದೋ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಸಣ್ಣಸ್ಕ್ರೂ:
ಹೌದಲ್ವಾ. ಎರಡೂ ಬದಿ ಒಟ್ಟಿಗೆ ಕರೆಂಟು ಬಂದಾಗ ಮಾತ್ರ ಉರಿಯುವ ಹಾಗೆ ರಿಲೇ (ಕರೆಂಟಿನಿಂದಲೇ ನಡೆಯೋ ಸ್ವಿಚ್ಚು) ಹಾಕಿದರೆ?

ತಂತಿಪೆಟ್ಟಿಗೆ:
ಆಗ ಇಂಡಿಕೇಟರ್ ಹಾಕಿ ಬ್ರೇಕ್ ಒತ್ತಿದಾಗ ಒಂದು ಬದಿ ಆರಿ ಹೊತ್ತಿ ಮಾಡುತ್ತಿರುತ್ತೆ, ನಡುವಿನದೂ ಅದರ ಜೊತೆ ಆರಿ ಹೊತ್ತಿ ಮಾಡುತ್ತೆ. ತಿರುವಿನಲ್ಲೇ ಹಿಂದಿನವನಿಗೆ ಸ್ಥಿರವಾದ ಕೆಂಪು ಬೇಕಾಗಿರೋದು. ಅಲ್ಲದೆ ಹಜಾರ್ಡ್ ಹಾಕಿದರೆ ಎರಡೂ ಬದಿ ಒಟ್ಟಿಗೆ ಬರುತ್ತೆ, ಅಲ್ಲೂ ಮಿಣುಕು. ಇಂಡಿಕೇಟರ್ ಸ್ವಿಚ್ಚಿಗೆ ಹೋಗುವ ಮುಂಚೆಯೇ ಬ್ರೇಕ್ ವೈರ್ ಹಿಡಿಯಬೇಕು. ಬೇರೆ ಒಳದಾರಿ ಇಲ್ಲ.

ಮೂರನೇಗೇರ್:
ಇಷ್ಟೆಲ್ಲಾ ಒಂದು ಲೈಟಿಗಾ? ಸ್ವಾಮಿ, ಕೆಳಗೆ ಎರಡು ಬ್ರೇಕ್ ಲೈಟು ಚೆನ್ನಾಗೇ ಇವೆ. ನೂರಾರು ಸಾವಿರ ಗಾಡಿ ಎರಡರಲ್ಲೇ ಓಡಿಲ್ವಾ? 1984ರ ಗಾಡಿಗೆ ಕಾನೂನೂ ಕೇಳಲ್ಲ.

ಪುಟತಿರುವು:
ಕಾನೂನಿನ ಮಾತು ಸರಿ. ಅಮೆರಿಕದಲ್ಲಿ 1985 ಸೆಪ್ಟೆಂಬರ್ 1ರಿಂದ ತಯಾರಾದ ಕಾರುಗಳಿಗೆ ಈ ನಡುವಿನ ಎತ್ತರದ ಲೈಟ್ ಕಡ್ಡಾಯ ಆಯಿತು, ಅಂದರೆ 1986ರ ಮಾದರಿಗಳಿಂದ. ಪಿಕಪ್, ವ್ಯಾನ್‌ಗಳಿಗೆ 1994ರ ಮಾದರಿಗಳಿಂದ. ಇವರ ಗಾಡಿ ಅದಕ್ಕೂ ಹಿಂದಿನದು.

ಆದರೆ ಅದು ಯಾಕೆ ಬಂತು ಅನ್ನೋದನ್ನೂ ನೋಡಿ. ಜಾನ್ ವೊಯೆವೋಡ್‌ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು ಸ್ಯಾನ್ ಫ್ರಾನ್ಸಿಸ್ಕೋದ 300ಕ್ಕೂ ಹೆಚ್ಚು ಟ್ಯಾಕ್ಸಿಗಳಿಗೆ ಹಿಂದೆ ಒಂದು ಹೆಚ್ಚುವರಿ ಲೈಟ್ ಹಾಕಿಸಿ ನೋಡಿದರು. ಹಿಂದಿನಿಂದ ಬಂದು ಗುದ್ದುವ ಅಪಘಾತ ಶೇಕಡಾ 60ರಷ್ಟು ಕಡಿಮೆಯಾಯಿತು ಅಂತ 1974ರಲ್ಲಿ ಪ್ರಕಟಿಸಿದರು. ಆಮೇಲೆ ಬೇರೆ ಟ್ಯಾಕ್ಸಿ, ಕಂಪನಿ ಕಾರುಗಳ ಮೇಲೆ ಪ್ರಯೋಗ ನಡೆದು ನಿಯಮ ಬಂತು.

ಮೂರನೇಗೇರ್:
60? ಅಷ್ಟು ಇದ್ದರೆ ಹಿಂದಿನಿಂದ ಗುದ್ದೋದೇ ನಿಂತು ಹೋಗಬೇಕಿತ್ತಲ್ಲ. ನನಗಂತೂ ನಂಬಿಕೆ ಇಲ್ಲ.

ಪುಟತಿರುವು:
ನಿಮ್ಮ ಅನುಮಾನ ಸರಿಯಾಗೇ ಇದೆ. ಅದು ಹೊಸದರಲ್ಲಿ. ಬೇರೆ ಯಾವ ಗಾಡಿಗೂ ಇಲ್ಲದ ಲೈಟು ಟ್ಯಾಕ್ಸಿಯ ಹಿಂದೆ ಕಂಡರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತೆ. ಎಲ್ಲ ಕಾರಿಗೂ ಬಂದಮೇಲೆ ಕಣ್ಣಿಗೆ ಅಭ್ಯಾಸ ಆಯಿತು. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯೇ 1998ರಲ್ಲಿ ಲೆಕ್ಕ ಹಾಕಿ, ದೀರ್ಘ ಕಾಲದಲ್ಲಿ ಉಳಿದ ಲಾಭ ಶೇಕಡಾ 4.3 ಅಂತ ಹೇಳಿತು. 60 ಎಲ್ಲಿ, 4.3 ಎಲ್ಲಿ. ಆದರೂ ಒಂದು ಸಣ್ಣ ಬಲ್ಬಿನಿಂದ ನೂರಕ್ಕೆ ನಾಲ್ಕು ಗುದ್ದು ತಪ್ಪುತ್ತೆ ಅಂದರೆ ನಾನು ಅದನ್ನು ಕತ್ತರಿಸಲ್ಲ.

ಮೂರನೇಗೇರ್:
4.3 ಅಂದರೆ ನಂಬಬಹುದು. ಸರಿ ಬಿಡಿ. ಆದರೆ ತಪ್ಪಾಗಿ ಮಿಣುಕುವ ಲೈಟ್‌ಗಿಂತ ಲೈಟ್ ಇಲ್ಲದಿರೋದೇ ಮೇಲು, ಇದರಲ್ಲಿ ನಾನು ಹಿಂದೆ ಸರಿಯಲ್ಲ.

ರಾತ್ರಿಸವಾರ:
ಇದು ಮಾತ್ರ ನಿಜ. ನಡುವಿನ ಲೈಟ್ ಮಿಣುಕಿದರೆ ಇವನು ನಿಲ್ಲಿಸ್ತಾನಾ, ತಿರುಗ್ತಾನಾ ಅಂತ ಗೊತ್ತಾಗಲ್ಲ. ನಾನು ಒಮ್ಮೆ ಇಂಥ ಕಾರಿನ ಹಿಂದೆಯೇ ಇದ್ದೆ. ಬ್ರೇಕ್ ಹಾಕಿ ಬಿಟ್ಟು ಹಾಕಿ ಬಿಟ್ಟು ಮಾಡ್ತಿದ್ದಾನೆ ಅಂದುಕೊಂಡು ನಾನೂ ನಿಧಾನ ಮಾಡಿದೆ, ನನ್ನ ಹಿಂದಿನವನು ಹಾರ್ನ್ ಹೊಡೆದುಕೊಂಡು ಪಕ್ಕಕ್ಕೇ ಬಂದುಬಿಟ್ಟ. ಕೈಕಾಲು ನಡುಗಿತು.

ಕೀಗೊಂಚಲು:
ನಡುವೆ ಬರ್ತಿದ್ದೀನಿ, ಕ್ಷಮಿಸಿ. ನನ್ನದು ಬೇರೆ ಥರ. ಹ್ಯಾಚ್‌ಬ್ಯಾಕ್, ಮೂರನೇ ಲೈಟ್ ಕಂಪನಿಯದೇ, ಇಂಡಿಕೇಟರಿಗೆ ಬೇರೆ ಹಳದಿ ಬಲ್ಬು. ರಾತ್ರಿ ಹೆಡ್‌ಲೈಟ್ ಹಾಕಿದರೆ ಮೇಲಿನ ಬ್ರೇಕ್ ಲೈಟ್ ಮಂದವಾಗಿ ಉರಿದೇ ಇರುತ್ತೆ, ಬ್ರೇಕ್ ಮುಟ್ಟದೇ. ಇನ್ನೂ ವಿಚಿತ್ರ ಅಂದರೆ ಬ್ರೇಕ್ ಒತ್ತಿದ ಕೂಡಲೇ ಕೆಳಗಿನ ಎರಡೂ ಲೈಟ್ ಆರಿಹೋಗುತ್ತೆ! ಮೇಲಿನದು ಮಾತ್ರ ಜೋರಾಗಿ ಉರಿಯುತ್ತೆ. ಗ್ಯಾರೇಜಿನಲ್ಲಿ ಮೂರನೇ ಲೈಟ್ ತೆಗೆದುಬಿಡೋಣ ಅಂದರು. ತೆಗೆಸಲಾ?

ತಂತಿಪೆಟ್ಟಿಗೆ:
ಬೇಡವೇ ಬೇಡ ಮೇಡಂ. ಈಗ ನಿಮ್ಮ ಗಾಡಿ ಹಿಂದೆ ಬ್ರೇಕ್ ತೋರಿಸ್ತಿರೋದು ಅದೊಂದೇ ಲೈಟು. ಅದನ್ನೂ ತೆಗೆದರೆ ರಾತ್ರಿ ಬ್ರೇಕ್ ಒತ್ತಿದಾಗ ಹಿಂದೆ ಪೂರ್ತಿ ಕತ್ತಲು.

ಇದು ಅರ್ಥ್, ಅಂದರೆ ಕರೆಂಟು ಗಾಡಿಯ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಹೋಗಿರೋ ಲಕ್ಷಣ. ಕೆಳಗಿನ ಎರಡೂ ಲೈಟಿಗೆ ಸೇರಿ ಒಂದೇ ಅರ್ಥ್ ವೈರ್ ಇರಬೇಕು, ಅದು ಬಾಡಿಗೆ ಕೂರುವ ಜಾಗ ಬಿಟ್ಟುಕೊಂಡಿದೆ. ಒಂದೇ ಬಲ್ಬಿನೊಳಗೆ ಪಾರ್ಕಿಂಗಿಗೆ ಒಂದು, ಬ್ರೇಕಿಗೆ ಒಂದು ಉರಿಯುವ ತಂತಿ (ಫಿಲಮೆಂಟ್) ಇರುತ್ತೆ. ಪಾರ್ಕಿಂಗ್ ಫಿಲಮೆಂಟಿಗೆ ಬಂದ ಕರೆಂಟಿಗೆ ವಾಪಸ್ ಹೋಗೋಕೆ ದಾರಿ ಇಲ್ಲ. ಅದು ಪಕ್ಕದ ಬ್ರೇಕ್ ಫಿಲಮೆಂಟಿನಲ್ಲಿ ಹಿಂದಕ್ಕೆ ಹರಿದು, ಬ್ರೇಕ್ ವೈರ್ ಹಿಡಿದು ಮೇಲೆ ಹೋಗಿ, ಮೂರನೇ ಲೈಟಿನ ಮೂಲಕ ಅದರ ಸ್ವಂತ ಅರ್ಥ್ ಸೇರುತ್ತೆ. ಅದಕ್ಕೇ ಮಂದ ಬೆಳಕು. ಬ್ರೇಕ್ ಒತ್ತಿದರೆ ಎರಡೂ ಫಿಲಮೆಂಟಿನ ತುದಿಗೆ 12 ವೋಲ್ಟ್, ಹರಿಯೋಕೆ ಎಲ್ಲೂ ದಾರಿ ಇಲ್ಲ, ಆರಿಹೋಗುತ್ತೆ.

ಒಂದು ಉದ್ದ ವೈರ್ ತಗೊಂಡು ಲೈಟಿನ ಅರ್ಥ್ ಪಿನ್ನಿನಿಂದ ಬಾಡಿಯ ಒಳ್ಳೆ ಲೋಹಕ್ಕೆ ಮುಟ್ಟಿಸಿ ನೋಡಿ. ಸರಿಯಾಗಿ ಉರಿದರೆ ಇದೇ ತೊಂದರೆ.

ಕೀಗೊಂಚಲು:
ತುಂಬಾ ಥ್ಯಾಂಕ್ಸ್. ಭಾನುವಾರ ನೋಡಿ ಹೇಳ್ತೀನಿ.

ನೀರುಜಾಗ:
ಮೂರನೇ ಲೈಟ್ ತೆಗೆಸೋರಿಗೆ ಇನ್ನೊಂದು ಮಾತು. ಅದರ ಸುತ್ತ ಒಂದು ರಬ್ಬರ್ ಗ್ಯಾಸ್ಕೆಟ್ ಇರುತ್ತೆ. ನನ್ನ ಪಿಕಪ್‌ನಲ್ಲಿ ಬಲ್ಬ್ ಬದಲಿಸಲು ಬಿಚ್ಚಿದವರು ಹಳೇ ಗ್ಯಾಸ್ಕೆಟ್ಟನ್ನೇ ಒತ್ತಿ ಕೂರಿಸಿದ್ದರು. ಮಳೆ ಬಂದಾಗ ನೀರು ಛಾವಣಿಯ ಬಟ್ಟೆಯ ಒಳಗಿಂದ ಇಳಿದು, ಹಿಂದಿನ ಸೀಟಿನ ಕೆಳಗೆ ಸೇರಿ, ಕಾರ್ಪೆಟ್ ಅಡಿಯ ಸ್ಪಂಜೆಲ್ಲಾ ನೆನೆದು ವಾಸನೆ ಬರೋವರೆಗೂ ನನಗೆ ಗೊತ್ತೇ ಆಗಲಿಲ್ಲ. ಬಾಗಿಲಿನ ಬೀಡಿಂಗ್, ಏಸಿ ಪೈಪು ಎಲ್ಲಾ ನೋಡಿಸಿದೆ. ಕೊನೆಗೆ ಒಬ್ಬರು ಛಾವಣಿ ಮೇಲೆ ಪೈಪಿನಲ್ಲಿ ನೀರು ಬಿಟ್ಟು, ಒಳಗೆ ಟಾರ್ಚ್ ಹಿಡಿದು ಕೂತು ಕಂಡುಹಿಡಿದರು. ಲೈಟಿನ ಕೆಳ ಅಂಚಿನಿಂದ ಸಣ್ಣ ದಾರದಂತೆ ನೀರು ಇಳೀತಿತ್ತು.

ಸಣ್ಣಸ್ಕ್ರೂ:
ಅಯ್ಯೋ, ನಮ್ಮ ಅಣ್ಣನ ಗಾಡಿಯಲ್ಲೂ ಇದೇ ವಾಸನೆ. ನಾಳೆಯೇ ನೋಡ್ತೀನಿ.

ಹಳೇಗಾಡಿ84:
ಎಲ್ಲರ ಮಾತೂ ಓದಿದೆ. ಕತ್ತರಿಸೋ ಯೋಚನೆ ಬಿಟ್ಟೆ. ತಂತಿಪೆಟ್ಟಿಗೆ ಸರ್, ಹಾಗಾದರೆ ಬ್ರೇಕ್ ವೈರ್ ಎಲ್ಲಿ ಹಿಡಿಯಲಿ? ಸ್ಟೇರಿಂಗ್ ಕೆಳಗೆ ಬಗ್ಗಿ ನೋಡಿದರೆ ಒಂದು ಹಿಡಿ ಬಣ್ಣ ಬಣ್ಣದ ವೈರ್ ಇದೆ.

ತಂತಿಪೆಟ್ಟಿಗೆ:
ಸ್ಟೇರಿಂಗಿನ ಗೊಂಚಲಿಗೆ ಕೈ ಹಾಕಬೇಡಿ. ಬ್ರೇಕ್ ಪೆಡಲಿನ ಮೇಲ್ತುದಿಯಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತೆ, ಪೆಡಲ್ ಒತ್ತಿದಾಗ ಟಿಕ್ ಅನ್ನುತ್ತೆ. ಅದರಲ್ಲಿ ಸಾಮಾನ್ಯವಾಗಿ ಎರಡು ವೈರ್. ಟೆಸ್ಟ್ ಲ್ಯಾಂಪಿನ (ಕರೆಂಟು ಇದ್ದರೆ ಉರಿಯುವ ಸಣ್ಣ ಪರೀಕ್ಷೆ ದೀಪ) ಕ್ಲಿಪ್ಪನ್ನು ಬಾಡಿಗೆ ಹಾಕಿ, ಮೊನೆಯಿಂದ ಒಂದೊಂದೇ ಮುಟ್ಟಿ. ಒಂದರಲ್ಲಿ ಯಾವಾಗಲೂ ಕರೆಂಟು ಇರುತ್ತೆ, ಕೀ ತೆಗೆದರೂ ಕೂಡ. ಇನ್ನೊಂದರಲ್ಲಿ ಪೆಡಲ್ ಒತ್ತಿದಾಗ ಮಾತ್ರ ಬರುತ್ತೆ. ನಿಮಗೆ ಬೇಕಾದ್ದು ಆ ಎರಡನೇದು. ಸ್ವಿಚ್ಚಿನಲ್ಲಿ ನಾಲ್ಕು ವೈರ್ ಇದ್ದರೆ ಇನ್ನೆರಡು ಕ್ರೂಸ್ ಕಂಟ್ರೋಲಿನದು (ವೇಗವನ್ನು ತಾನೇ ಒಂದೇ ಮಟ್ಟದಲ್ಲಿ ಹಿಡಿದಿಡುವ ವ್ಯವಸ್ಥೆ) ಇರಬಹುದು, ಅದನ್ನು ಮುಟ್ಟಬೇಡಿ.

ಹುಡುಕೋದು ಮುಗಿದ ಮೇಲೆ, ವೈರ್ ಸೇರಿಸೋ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿ. ಸೇರಿಸಿದ ಜಾಗದ ಪಕ್ಕದಲ್ಲೇ ಫ್ಯೂಸ್ ಹಾಕಿ, ಹಿಂದೆ ಡಿಕ್ಕಿಯಲ್ಲಿ ಅಲ್ಲ. ನಡುವೆ ಎಲ್ಲಾದರೂ ವೈರ್ ಉಜ್ಜಿ ಬಾಡಿಗೆ ತಗುಲಿದರೆ ಮುಂದಿನ ಫ್ಯೂಸ್ ಮಾತ್ರ ಕಾಪಾಡೋದು. ನಿಮ್ಮದು 21 ವ್ಯಾಟ್ ಬಲ್ಬಾದರೆ ಎರಡು ಆಂಪಿಗಿಂತ ಕಡಿಮೆ ಎಳೆಯುತ್ತೆ, 3 ಆಂಪ್ ಫ್ಯೂಸ್ ಸಾಕು. ವೈರನ್ನು ಬಾಗಿಲಿನ ಕೆಳಗಿನ ಪಟ್ಟಿಯ ಒಳಗೆ, ಕಾರ್ಪೆಟ್ ಅಂಚಿನಲ್ಲಿ ಎಳೆಯಿರಿ. ಸೀಟಿನ ಹಳಿ ಓಡಾಡುವ ಜಾಗ ತಪ್ಪಿಸಿ.

ಹೊಸ ಗಾಡಿಯವರು ಇದನ್ನು ಓದಿ ಹೀಗೇ ಮಾಡಲು ಹೋಗಬೇಡಿ. ಅಲ್ಲಿ ಪೆಡಲ್ ಸ್ವಿಚ್ಚು ಎಂಜಿನ್ ಕಂಪ್ಯೂಟರಿಗೆ, ಎಬಿಎಸ್‌ಗೆ, ಗೇರ್ ಲಾಕಿಗೆ ಎಲ್ಲಾ ಹೇಳುತ್ತಿರುತ್ತೆ. ಸ್ಟೇರಿಂಗ್ ಹತ್ತಿರ ಹಳದಿ ಕವಚದ ವೈರ್ ಕಂಡರೆ ಅದು ಏರ್‌ಬ್ಯಾಗಿನದು, ಟೆಸ್ಟ್ ಲ್ಯಾಂಪ್ ಹತ್ತಿರವೂ ಒಯ್ಯಬೇಡಿ.

ಐದುಮೀಟರ್:
ವೈರ್ ಎಳೆಯೋದೇ ಆದರೆ ಎಲ್‌ಇಡಿ ಲೈಟ್ ಹಾಕಿಬಿಡಿ. ಸಾಮಾನ್ಯ ಬಲ್ಬಿನ ಫಿಲಮೆಂಟ್ ಕಾದು ಪೂರ್ತಿ ಬೆಳಕು ಕೊಡೋಕೆ ಸುಮಾರು 0.2 ಸೆಕೆಂಡ್ ಹೆಚ್ಚು ಬೇಕು. ಎಲ್‌ಇಡಿ ಒತ್ತಿದ ಕ್ಷಣವೇ ಉರಿಯುತ್ತೆ. 100 ಕಿಲೋಮೀಟರ್ ವೇಗದಲ್ಲಿ 0.2 ಸೆಕೆಂಡ್ ಅಂದರೆ ಐದೂವರೆ ಮೀಟರ್. ಒಂದು ಕಾರಿನ ಉದ್ದಕ್ಕಿಂತ ಜಾಸ್ತಿ.

ನಿಧಾನಕ್ಕೆ:
ಮೂರೂ ಲೈಟ್ ಎಲ್‌ಇಡಿ ಮಾಡೋ ಮುಂಚೆ ಒಂದು ನೋಡಿಕೊಳ್ಳಿ. ಕೆಲವು ಹಳೇ ಗಾಡಿಗಳಲ್ಲಿ ಕ್ರೂಸ್ ಕಂಟ್ರೋಲು ಬ್ರೇಕ್ ಬಲ್ಬಿನ ಫಿಲಮೆಂಟ್ ಮೂಲಕ ಅರ್ಥ್ ಇದೆಯಾ ಅಂತ ನೋಡುತ್ತೆ. ಸಿಗದಿದ್ದರೆ ಬ್ರೇಕ್ ಲೈಟ್ ಕೆಟ್ಟಿದೆ ಅಂತ ತಿಳಿದು ಕ್ರೂಸ್ ಹಿಡಿಯೋದೇ ಇಲ್ಲ. ನನ್ನದರಲ್ಲಿ ಹೀಗೇ ಆಯಿತು, ಒಂದು ವಾರ ಸ್ವಿಚ್ಚು, ವ್ಯಾಕ್ಯೂಮ್ ಪೈಪು ಅಂತ ಹುಡುಕಿದೆ. ಒಂದು ಹಳೇ ಬಲ್ಬು ವಾಪಸ್ ಹಾಕಿದ ಕೂಡಲೇ ಸರಿ ಹೋಯಿತು.

ಮೂರನೇಗೇರ್:
ಈಗಿನವರು ಬ್ರೇಕ್ ಒತ್ತಿದಾಗ ನಾಲ್ಕೈದು ಸಲ ಮಿಣುಕಿ ನಿಲ್ಲೋ ಪೆಟ್ಟಿಗೆ ಹಾಕಿಸ್ತಾರಲ್ಲ, ಅದು?

ಪುಟತಿರುವು:
ಬೇಡ. ಪ್ರತಿ ಸಲ ಒತ್ತಿದಾಗಲೂ ಮಿಣುಕಿದರೆ ಹಿಂದಿನವನು ನಿಜವಾದ ತುರ್ತನ್ನು ಗುರುತಿಸೋದೇ ಇಲ್ಲ. ಯುರೋಪಿನ ನಿಯಮದಲ್ಲಿ ಬ್ರೇಕ್ ಲೈಟ್ ಮಿಣುಕಬಹುದು, ಆದರೆ ಗಂಟೆಗೆ 50 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿದ್ದು, ತುಂಬಾ ಜೋರಾಗಿ ಬ್ರೇಕ್ ಹಾಕಿದಾಗ ಮಾತ್ರ. ಅದನ್ನು ಗಾಡಿಯೇ ಅಳೆದು ತೀರ್ಮಾನ ಮಾಡುತ್ತೆ. ಅಗ್ಗದ ಪೆಟ್ಟಿಗೆಗೆ ಅದೆಲ್ಲಾ ಎಲ್ಲಿ ಗೊತ್ತಾಗುತ್ತೆ.

ಐದುಮೀಟರ್:
ಇದೇ ಮಾತಿಗೆ, ಎಲೆಕ್ಟ್ರಿಕ್ ಕಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸಾಕು ಗಾಡಿ ಎಳೆದು ನಿಲ್ಲಿಸಿದ ಹಾಗೆ ನಿಧಾನ ಆಗುತ್ತೆ. ಪೆಡಲ್ ಮುಟ್ಟೋದೇ ಇಲ್ಲ. ಆಗ ಬ್ರೇಕ್ ಲೈಟ್ ಬರುತ್ತಾ?

ಪುಟತಿರುವು:
ಬರಬೇಕು. ಅದೇ ಯುರೋಪಿನ ನಿಯಮಗಳಲ್ಲಿ, ಗಾಡಿಯ ವೇಗ ಒಂದೊಂದು ಸೆಕೆಂಡಿಗೂ ಸೆಕೆಂಡಿಗೆ 1.3 ಮೀಟರಿಗಿಂತ ಹೆಚ್ಚು ಇಳಿಯುತ್ತಿದ್ದರೆ ಪೆಡಲ್ ಮುಟ್ಟದಿದ್ದರೂ ಲೈಟ್ ಉರಿಯಲೇಬೇಕು. 0.7ರಿಂದ 1.3ರವರೆಗೆ ಉರಿಸಬಹುದು. ಇದಕ್ಕೆ ಬೇರೆಯೇ ಚರ್ಚೆ ಶುರು ಮಾಡೋಣ, ಇಲ್ಲಿ ಹಳೇ ಗಾಡಿಯವರ ಕೆಲಸ ಮುಗೀಲಿ.

ಕೀಗೊಂಚಲು:
ಭಾನುವಾರದ ವರದಿ! ವೈರ್ ಮುಟ್ಟಿಸಿದ ಕೂಡಲೇ ಎರಡೂ ಲೈಟ್ ಝಗ್ ಅಂತ ಉರೀತು. ಡಿಕ್ಕಿಯ ಒಳಗೆ ಎಡ ಮೂಲೆಯಲ್ಲಿ, ಬಟ್ಟೆಯ ಹೊದಿಕೆ ಹಿಂದೆ ಕಂದು ಬಣ್ಣದ ವೈರ್ ಒಂದು ಸ್ಕ್ರೂಗೆ ಕೂತಿತ್ತು. ಸ್ಕ್ರೂ ಗಟ್ಟಿಯಾಗೇ ಇತ್ತು, ಆದರೆ ರಿಂಗಿನ ಅಡಿಯಲ್ಲಿ ಹಸಿರು ಮತ್ತು ಬಿಳಿ ಪುಡಿ ಕಟ್ಟಿತ್ತು. ಉಪ್ಪುಕಾಗದದಲ್ಲಿ ಲೋಹ ಹೊಳೆಯೋವರೆಗೂ ಉಜ್ಜಿ, ಸ್ವಲ್ಪ ಗ್ರೀಸ್ ಹಚ್ಚಿ ಬಿಗಿ ಮಾಡಿದೆ. ಹದಿನೈದು ನಿಮಿಷದ ಕೆಲಸ. ಮೂರನೇ ಲೈಟ್ ತೆಗೆಸಿದ್ದರೆ ನಾನು ರಾತ್ರಿ ಬ್ರೇಕ್ ಲೈಟೇ ಇಲ್ಲದೆ ಓಡಿಸ್ತಿದ್ದೆ, ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತೆ.

ತಂತಿಪೆಟ್ಟಿಗೆ:
ತುಂಬಾ ಸಂತೋಷ ಮೇಡಂ. ಬಾಗಿಲು ಬಗ್ಗುವ ಕಡೆ ರಬ್ಬರ್ ಕೊಳವೆ ಇರುತ್ತಲ್ಲ, ಅದನ್ನೂ ಸರಿಸಿ ನೋಡಿ. ಹ್ಯಾಚ್‌ಬ್ಯಾಕಿನಲ್ಲಿ ತೆರೆದು ಮುಚ್ಚಿ ವೈರ್ ಮುರಿಯೋದು ಅಲ್ಲೇ.

ಹಳೇಗಾಡಿ84:
ನನ್ನದೂ ಮುಗೀತು. ಪೂರ್ತಿ ಒಂದು ಮಧ್ಯಾಹ್ನ ಹಿಡಿಯಿತು, ಅದರಲ್ಲಿ ಮುಕ್ಕಾಲು ಹೊತ್ತು ಬಾಗಿಲ ಪಟ್ಟಿಯ ಸ್ಕ್ರೂ ಬಿಚ್ಚೋದಕ್ಕೇ. ಹಳೇ ಜೋಡಣೆ ನೋಡಿ ಬೇಜಾರಾಯಿತು. ಎಡಗಡೆಯ ವೈರಿನ ಮೈ ಕೆರೆದು, ಇನ್ನೊಂದು ವೈರನ್ನು ಬರೀ ಸುತ್ತಿ, ಮೇಲೆ ಟೇಪ್ ಹಾಕಿದ್ದರು. ಟೇಪಿನ ಅಂಟೆಲ್ಲಾ ಕರಗಿ ಬೆರಳಿಗೆ ಕಪ್ಪಾಗಿ ಮೆತ್ತಿಕೊಂಡಿತು. ಒಳಗಿನ ತಾಮ್ರ ಹಸಿರಾಗಿತ್ತು. ಅದನ್ನು ಬಿಡಿಸಿ, ಆ ಜಾಗ ಕತ್ತರಿಸಿ, ಸೋಲ್ಡರ್ ಮಾಡಿ, ಬಿಸಿಗೆ ಕುಗ್ಗುವ ಕೊಳವೆ ಹಾಕಿದೆ. ಪೆಡಲ್ ಸ್ವಿಚ್ಚಿನಿಂದ ಹೊಸ ವೈರ್, 3 ಆಂಪ್ ಫ್ಯೂಸ್, ಎಲ್‌ಇಡಿ ಲೈಟ್. ಅರ್ಥ್ ಬೇರೆಯದೇ ಸ್ಕ್ರೂಗೆ.

ತಂಗಿಯನ್ನು ಹಿಂದೆ ನಿಲ್ಲಿಸಿ ನೋಡಿಸಿದೆ. ಎಡ, ಬಲ, ಹಜಾರ್ಡ್, ಬ್ರೇಕ್ ಒತ್ತಿ ಎಡ, ಬ್ರೇಕ್ ಒತ್ತಿ ಬಲ. ನಡುವಿನದು ಅಲುಗಾಡದೇ ಉರಿಯುತ್ತೆ. ಎಡ ಇಂಡಿಕೇಟರಿನ ಅವಸರವೂ ನಿಂತಿತು, ಈಗ ಎರಡೂ ಬದಿ ಒಂದೇ ಲಯ.

ಒಂದೇ ಉಳಿದಿದೆ. ರಾತ್ರಿ ಒಳಕನ್ನಡಿಯಲ್ಲಿ ಕೆಂಪು ಬೆಳಕು ಹಾಗೇ ಕಾಣುತ್ತೆ.

ನೀರುಜಾಗ:
ಲೈಟಿಗೂ ಗಾಜಿಗೂ ನಡುವೆ ಸಂದು ಇದೆ, ಬೆಳಕು ಗಾಜಿಗೆ ಬಡಿದು ಒಳಗೆ ವಾಪಸ್ ಬರ್ತಿದೆ. ಕಂಪನಿಯ ಲೈಟಿನಲ್ಲಿ ಗಾಜಿಗೆ ಒತ್ತಿ ಕೂರೋ ಕಪ್ಪು ಅಂಚು ಇರೋದು ಇದಕ್ಕೇ. ಕಪ್ಪು ಸ್ಪಂಜ್ ಪಟ್ಟಿ ಸುತ್ತ ಅಂಟಿಸಿ, ಗಾಜಿಗೆ ತಾಗುವ ಹಾಗೆ ಕೂರಿಸಿ.

ಹಳೇಗಾಡಿ84:
ಬಾಗಿಲಿನ ಹಳೇ ಬೀಡಿಂಗಿನ ಸ್ಪಂಜ್ ಒಂದು ತುಂಡು ಇದೆ. ಈಗಲೇ ಹೋಗಿ ಅಂಟಿಸ್ತೀನಿ.